ಎರೆಭೂತಗಳ ನಡುವಿನ ಬಯಲು

"ಒಂದು ಕಂಡಿತೆಂದು ಅದರ ಮಗ್ಗುಲಲ್ಲೇ ಇನ್ನೊಂದನ್ನು ಹುಡುಕಬೇಡಿ ಹುಕುಂ. ದೂರ ನೋಡಿ. ಆ ಹಕ್ಕಿ ಯಾವ ಕಡೆಗೆ ತಲೆ ತಿರುಗಿಸುತ್ತದೋ ಆ ಕಡೆಗೆ ನೋಡುತ್ತ ಹೋಗಿ."

ಜೈಸಲ್ಮೇರ್‌ನಿಂದ ಮರುಭೂಮಿ ರಾಷ್ಟ್ರೀಯ ಉದ್ಯಾನದ ಸುದಾಸರಿಗೆ ಜೀಪು ಓಡಿಸುತ್ತಿದ್ದವರು ಹೇಳಿದ ಮಾತು ಇದು. ಅವರ ಊರು ಆ ಉದ್ಯಾನದ ಒಳಗೇ ಇದೆ. ಹುಡುಗನಾಗಿದ್ದಾಗ ಅಪ್ಪನ ಜೊತೆ ಆಡು ಮೇಯಿಸುತ್ತ ಈ ಹಕ್ಕಿಯನ್ನು ದಿನವೂ ನೋಡಿದವರು. ಅಲ್ಲಿನವರ ಬಾಯಲ್ಲಿ ಅದು ಗೋಡಾವಣ್. ನಮ್ಮ ಬಳ್ಳಾರಿ, ಹಾವೇರಿ ಕಡೆಯ ಎರೆಹೊಲದವರಿಗೆ ಎರೆಭೂತ. ಪಕ್ಷಿ ವೀಕ್ಷಕರು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುವುದೂ ಇದನ್ನೇ.

ಆಗಸ್ಟ್ ತಿಂಗಳು. ಎರಡು ಮೂರು ಹದ ಮಳೆ ಬಿದ್ದಿತ್ತು. ಮರುಭೂಮಿ ಎಂದ ಕೂಡಲೇ ಕಣ್ಣಿಗೆ ಬರುವ ಮರಳ ದಿಬ್ಬಗಳು ಆ ಹಾದಿಯಲ್ಲಿ ಕಡಿಮೆ. ಗಟ್ಟಿ ಗರಸು ನೆಲ, ಅದರ ಮೇಲೆ ಬುಡ್ಡೆ ಬುಡ್ಡೆಯಾಗಿ ಎದ್ದ ಸೇವಣ್ ಹುಲ್ಲು, ಅಲ್ಲೊಂದು ಇಲ್ಲೊಂದು ಎಕ್ಕದ ಗಿಡ, ಎಲ್ಲೋ ಒಂದು ಖೇಜಡಿ. ಖೇಜಡಿ ಎಂದರೆ ದಸರೆಯಲ್ಲಿ ನಾವು ಪೂಜಿಸುವ ಬನ್ನಿ ಮರವೇ. ಮಿಕ್ಕದ್ದೆಲ್ಲ ಆಕಾಶ. ಉದ್ಯಾನದ ಹರವು 3,162 ಚದರ ಕಿಲೋಮೀಟರ್. ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳೆರಡರಲ್ಲೂ ಚಾಚಿಕೊಂಡಿದೆ. ಊರುಗಳು, ಹೊಲಗಳು, ದನಕರು ಎಲ್ಲ ಅದರೊಳಗೇ ಇವೆ. ಹಕ್ಕಿ ಮೊಟ್ಟೆಯಿಡುವ ಜಾಗಗಳಿಗಷ್ಟೇ ಅರಣ್ಯ ಇಲಾಖೆ ಬೇಲಿ ಹಾಕಿದೆ.

ಬೇಲಿಯ ಹೊರಗಿನಿಂದ ಮೊದಲು ಕಂಡದ್ದು ಒಂದು ಕತ್ತು. ಹುಲ್ಲಿನ ಮೇಲೆ ನೆಟ್ಟಗೆ ನಿಂತ ಬೂದು ಬಿಳುಪಿನ ಕತ್ತು, ತುದಿಯಲ್ಲಿ ಕಪ್ಪು ನೆತ್ತಿ. ಅದು ಹೆಣ್ಣು. ಜೀಪಿನವರು ಹೇಳಿದಂತೆ ಅದರ ಅಕ್ಕಪಕ್ಕವನ್ನು ಬಿಟ್ಟು ದೂರ ನೋಡಿದೆ. ಅರವತ್ತು ಎಪ್ಪತ್ತು ಹೆಜ್ಜೆ ಆಚೆಗೆ ಇನ್ನೊಂದು ಹೆಣ್ಣು ನೆಲ ಕೆದಕುತ್ತಿತ್ತು. ಅದಕ್ಕೂ ಆಚೆ, ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಮೂರನೆಯದು. ಬರಿಗಣ್ಣಿಗೆ ಮೂರು ಒಂಟಿ ಹಕ್ಕಿಗಳು, ಒಂದಕ್ಕೊಂದು ಸಂಬಂಧವೇ ಇಲ್ಲ ಎನ್ನಿಸುತ್ತಿತ್ತು. ಆದರೆ ಸ್ವಲ್ಪ ಹೊತ್ತು ನೋಡುತ್ತಿದ್ದಂತೆ ಅವುಗಳ ನಡೆಯಲ್ಲಿ ಒಂದು ಹೊಂದಿಕೆ ಕಾಣತೊಡಗಿತು. ಮೊದಲನೆಯದು ಗಾಳಿಗೆ ಎದುರಾಗಿ ನಾಲ್ಕು ಹೆಜ್ಜೆ ಹೋಯಿತು. ಎರಡನೆಯದು ಮಿಡತೆಯೊಂದನ್ನು ಹಿಡಿದು ನುಂಗಿ ಅದೇ ಕಡೆಗೆ ಸರಿಯಿತು. ಮೂರನೆಯದು ತಡಮಾಡಿ, ತಲೆಯೆತ್ತಿ ನೋಡಿ, ಬೇಗ ಬೇಗ ನಡೆದು ತನ್ನ ಅಂತರ ಸರಿಮಾಡಿಕೊಂಡಿತು. ಹತ್ತಿರವೂ ಬರಲಿಲ್ಲ, ದೂರವೂ ಉಳಿಯಲಿಲ್ಲ. ದೂರದಲ್ಲಿ ನಾಯಿ ಬೊಗಳಿದಾಗ ಮೂರೂ ಕತ್ತುಗಳು ಒಟ್ಟಿಗೇ ಎದ್ದವು.

ಇದು ಹಿಂಡು. ಕೊಕ್ಕರೆಗಳ ಹಾಗೆ ಭುಜಕ್ಕೆ ಭುಜ ಕೊಟ್ಟು ನಿಲ್ಲುವುದನ್ನೇ ಹಿಂಡು ಎಂದು ತಿಳಿದ ಕಣ್ಣಿಗೆ ಇದು ಹಿಡಿಸಲು ಹೊತ್ತು ಬೇಕು.

ಪ್ರಾಣಿಗಳು ತಮ್ಮ ತಮ್ಮೊಳಗೆ ಇಟ್ಟುಕೊಳ್ಳುವ ಅಂತರದ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಮೊದಲಿಗರು. ಮೈಗೆ ಮೈ ತಾಗಿಸಿಕೊಂಡು ಮಲಗುವ ಜೀವಿಗಳು ಒಂದು ಬಗೆ, ಒಂದಳತೆಯ ಜಾಗ ಬಿಟ್ಟೇ ಕೂರುವ ಜೀವಿಗಳು ಇನ್ನೊಂದು ಬಗೆ ಎಂದು ಅವರು ವಿಂಗಡಿಸಿದರು. ವೈರಿ ಎಷ್ಟು ಸಮೀಪ ಬಂದರೆ ಪ್ರಾಣಿ ಓಡುತ್ತದೆ ಎಂಬುದಕ್ಕೂ ಒಂದು ಅಳತೆ ಇದೆ ಎಂದು ತೋರಿಸಿದರು. ಮುಂದೆ 1971ರಲ್ಲಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ ಎಂಬ ಬ್ರಿಟಿಷ್ ಜೀವವಿಜ್ಞಾನಿ, ದಟ್ಟ ಹಿಂಡು ಕಟ್ಟುವ ಪ್ರತಿಯೊಂದು ಜೀವಿಯೂ ತನ್ನ ಮತ್ತು ವೈರಿಯ ನಡುವೆ ಇನ್ನೊಬ್ಬರನ್ನು ನಿಲ್ಲಿಸಿಕೊಳ್ಳಲು ನೋಡುತ್ತದೆ ಎಂದು ವಾದಿಸಿದರು. ಕುರಿಹಿಂಡಿನ ಮೇಲೆ ತೋಳ ಬಿದ್ದಾಗ ಕುರಿಗಳೆಲ್ಲ ನಡುವಿಗೆ ನುಗ್ಗುವುದನ್ನು ಕಂಡವರಿಗೆ ಈ ವಾದ ಒಪ್ಪಿಗೆಯಾಗುತ್ತದೆ.

ಎರೆಭೂತದ ಬದುಕು ಆ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ರಕ್ಷಣೆ ಇರುವುದು ಮರೆಯಲ್ಲೂ ಅಲ್ಲ, ಗುಂಪಿನ ನಡುವಿನಲ್ಲೂ ಅಲ್ಲ, ನೋಟದಲ್ಲಿ. ಒಂದು ಮೀಟರಿನಷ್ಟು ಎತ್ತರ. ಬೆಳೆದ ಗಂಡಾದರೆ ಹದಿನಾಲ್ಕು ಹದಿನೈದು ಕಿಲೋವರೆಗೆ ತೂಗುತ್ತದೆ, ಹೆಣ್ಣು ಅದರ ಅರ್ಧ. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಕಾಲಿಗೆ ಮೂರೇ ಬೆರಳು, ಎಲ್ಲವೂ ಮುಂದಕ್ಕೆ. ಹಿಂಬೆರಳಿಲ್ಲದ್ದರಿಂದ ಕೊಂಬೆ ಹಿಡಿಯಲಾರದು, ಹಗಲಿರುಳೂ ನೆಲದ ಮೇಲೇ. ಇಂಥ ಹಕ್ಕಿಗೆ ನಾಲ್ಕೂ ದಿಕ್ಕು ತೆರೆದಿರಬೇಕು. ಜೊತೆಯವು ಪಕ್ಕದಲ್ಲೇ ಒತ್ತಿಕೊಂಡು ನಿಂತರೆ ನೋಟಕ್ಕೆ ಅಡ್ಡಿ. ದೂರ ದೂರ ನಿಂತರೆ ಬಯಲಿನ ಬೇರೆ ಬೇರೆ ಭಾಗದ ಮೇಲೆ ಬೇರೆ ಬೇರೆ ಕಣ್ಣು. ಊಟದ ಲೆಕ್ಕವೂ ಇದನ್ನೇ ಹೇಳುತ್ತದೆ. ಮಿಡತೆ, ಜೀರುಂಡೆ, ಓತಿಕೇತ, ಬೋರೆಹಣ್ಣು, ಕಾಳು ಎಲ್ಲವೂ ಒಂದೆಡೆ ರಾಶಿಬಿದ್ದ ತಿನಿಸುಗಳಲ್ಲ, ಚದುರಿಕೊಂಡಿರುವಂಥವು. ಒಂದು ಹಕ್ಕಿ ನಡೆದಲ್ಲಿ ಮಿಡತೆ ಹಾರಿ ಹೋಗಿರುತ್ತದೆ. ಅದರ ಬೆನ್ನಿಗೇ ನಡೆಯುವ ಇನ್ನೊಂದಕ್ಕೆ ಏನೂ ಸಿಗುವುದಿಲ್ಲ. ಹೀಗೆ ಹೊಟ್ಟೆಯೂ ಕಣ್ಣೂ ಸೇರಿ ಗೊತ್ತುಮಾಡಿದ ಅಂತರ ಅದು.

ಹೆಣ್ಣುಗಳನ್ನು ನೋಡಿದ ಮರುದಿನ ಬೆಳಗಿನ ಜಾವವೇ ಹೊರಟೆವು. ಗಂಡು ಕೂಗುವುದು ಮುಂಜಾನೆ ಮತ್ತು ಸಂಜೆ. ಬಿಸಿಲೇರಿದರೆ ನೆಲದ ಝಳಕ್ಕೆ ನೋಟವೂ ಕದಡುತ್ತದೆ. ಜೀಪು ನಿಲ್ಲಿಸಿ, ಎಂಜಿನ್ ಆರಿಸಿ ಕಾದೆವು. ದನಿ ಬಂದಾಗ ಅದು ಕಿವಿಗಿಂತ ಮೊದಲು ಎದೆಗೆ ತಾಗಿತು. ಹ್ಞೂಂ ಎಂಬ ಆಳವಾದ, ಒಳಗಿನಿಂದ ಎದ್ದು ಬಂದಂಥ ಸದ್ದು. ಅರ್ಧ ಕಿಲೋಮೀಟರಿನವರೆಗೂ ಅದು ಕೇಳಿಸುತ್ತದೆ. ದೂರದರ್ಶಕದಲ್ಲಿ ಹಿಡಿದಾಗ ಗಂಡು ಒಂದು ಸಣ್ಣ ಏರಿನ ಮೇಲಿತ್ತು. ಗಂಟಲ ಚೀಲ ಗಾಳಿ ತುಂಬಿ ಉಬ್ಬಿ ಮೊಣಕಾಲಿನ ಮಟ್ಟಕ್ಕೆ ಇಳಿಬಿದ್ದಿತ್ತು. ಬಾಲ ಬೆನ್ನ ಮೇಲೆ ಮಡಿಚಿಕೊಂಡು, ರೆಕ್ಕೆ ಇಳಿಬಿಟ್ಟು, ಅಚ್ಚ ಬಿಳಿಯ ಕತ್ತನ್ನು ಮುಂದಕ್ಕೆ ಚಾಚಿ ಗತ್ತಿನಿಂದ ಒಂದೆರಡು ಹೆಜ್ಜೆ ಹಾಕಿ ನಿಲ್ಲುತ್ತಿತ್ತು. ಹೊಸ ಬೆಳಕಿನಲ್ಲಿ ಆ ಬಿಳುಪು ಎಷ್ಟು ದೂರಕ್ಕಾದರೂ ಕಾಣುವಂತಿತ್ತು.

ಸುತ್ತ ಬೇರೆ ಹಕ್ಕಿಯೇ ಇಲ್ಲ. ಯಾರಿಗಾಗಿ ಈ ಕುಣಿತ?

ಜೀಪಿನವರು ಕೈಯೆತ್ತಿ ಬಡಗಣ ದಿಕ್ಕು ತೋರಿಸಿದರು. ಕಿವಿಗೊಟ್ಟಾಗ ಆ ಕಡೆಯಿಂದಲೂ, ಇದ್ದೂ ಇಲ್ಲದಂತೆ, ಇನ್ನೊಂದು ಹ್ಞೂಂಕಾರ. ನಡುವೆ ಒಂದು ಹಳ್ಳಿಯೇ ಹಿಡಿಸುವಷ್ಟು ಬಯಲು. ಹಿಂದೆ ನಮ್ಮ ಕಡೆ ಜೋಳ ಹಾಲುಗಾಳಾದ ದಿನಗಳಲ್ಲಿ ಹೊಲ ಕಾಯುವವರು ಅಟ್ಟಣೆಯ ಮೇಲೆ ಒಬ್ಬೊಬ್ಬರೇ ಕೂತು, ರಾತ್ರಿಯಿಡೀ ಒಬ್ಬರ ಕೂಗಿಗೆ ಒಬ್ಬರು ಓಗೊಡುತ್ತಿದ್ದರಲ್ಲ, ಆ ಬಗೆಯ ಕೂಡುವಿಕೆ ಇದು. ಹಲವು ಜಾತಿಯ ಹಕ್ಕಿಗಳಲ್ಲಿ ಗಂಡುಗಳು ಒಂದು ಕಣದಲ್ಲಿ ಸೇರಿ ಕುಣಿಯುತ್ತವೆ, ಹೆಣ್ಣುಗಳು ಬಂದು ಆರಿಸಿಕೊಳ್ಳುತ್ತವೆ. ಎರೆಭೂತಗಳಲ್ಲೂ ಕಣವಿದೆ, ಆದರೆ ಅದು ಕಿಲೋಮೀಟರುಗಳ ಅಗಲಕ್ಕೆ ಹರಡಿಕೊಂಡಿದೆ. ಚದುರಿದ ಕಣ ಎನ್ನುತ್ತಾರೆ ಪಕ್ಷಿತಜ್ಞರು. ಪ್ರತಿ ಗಂಡಿಗೂ ತನ್ನದೇ ಒಂದು ಏರು, ತನ್ನದೇ ನೆಲ. ಉಳಿದ ಗಂಡುಗಳನ್ನು ಹತ್ತಿರ ಬಿಟ್ಟುಕೊಳ್ಳದು. ಅವುಗಳ ದನಿಯ ಆಚೆಗೂ ಹೋಗದು. ಹೆಣ್ಣು ಆ ಬಯಲಿನಲ್ಲಿ ನಡೆಯುತ್ತ, ಕೇಳುತ್ತ, ನೋಡುತ್ತ, ತನಗೆ ಸರಿಕಂಡ ಗಂಡಿನ ಬಳಿಗೆ ಹೋಗುತ್ತದೆ. ಕೂಡಿದ ಮೇಲೆ ಗಂಡಿನ ಪಾಲಿನ ಕೆಲಸ ಮುಗಿಯಿತು.

ಮುಂದಿನದೆಲ್ಲ ಹೆಣ್ಣಿನದೇ. ಗೂಡು ಎಂದು ಕಟ್ಟುವುದಿಲ್ಲ. ಬರಿನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ. ಹತ್ತಿರ ಹತ್ತಿರ ಒಂದು ತಿಂಗಳು ಕಾವು. ನಾಯಿಯೋ ನರಿಯೋ ಬಂದರೆ ತಾಯಿ ಕಾಲು ಜೋತುಬಿಟ್ಟು ಅಡ್ಡಾದಿಡ್ಡಿ ಹಾರುತ್ತ ಅದರ ಗಮನವನ್ನು ತನ್ನ ಕಡೆಗೆ ಸೆಳೆಯುತ್ತದೆ. ಮರಿ ಮುಂದಿನ ವರ್ಷದ ಹಂಗಾಮಿನವರೆಗೂ ತಾಯಿಯ ಹಿಂದೆಯೇ ಇರುತ್ತದೆ. ನಾನು ಹೇಳಿದ ಆ ಹೊಂದಿಕೆ, ಎಷ್ಟು ದೂರ ಸರಿಯಬೇಕು, ಎಲ್ಲಿಗೆ ನಿಲ್ಲಬೇಕು, ಯಾವಾಗ ಕತ್ತೆತ್ತಬೇಕು ಎಂಬ ತಿಳಿವಳಿಕೆ, ಬಹುಶಃ ಆ ಕಾಲದಲ್ಲೇ ಮೈಗೂಡುತ್ತದೆ. ಚಳಿಗಾಲಕ್ಕೆ ಗಂಡುಗಳೂ ತಮ್ಮ ಜಗಳ ಬಿಟ್ಟು ಸಣ್ಣ ಸಣ್ಣ ಗುಂಪುಗಳಾಗುತ್ತವೆ.

ಇದರ ಚಿಕ್ಕ ಬಂಧು ಲೆಸ್ಸರ್ ಫ್ಲೋರಿಕನ್ ದಟ್ಟ ಹುಲ್ಲಿನೊಳಗೆ ಇರುವ ಹಕ್ಕಿ. ಹುಲ್ಲು ತಲೆ ಮುಚ್ಚುವುದರಿಂದ ಅದರ ಗಂಡು ಮಳೆಗಾಲವಿಡೀ ಹುಲ್ಲಿನ ಮೇಲಕ್ಕೆ ಚಿಮ್ಮಿ ಚಿಮ್ಮಿ ತನ್ನಿರವನ್ನು ಸಾರುತ್ತದೆ. ದಿನಕ್ಕೆ ನೂರಾರು ಸಲ. ದೊಡ್ಡದು ದನಿಯಿಂದ ಮಾಡುವುದನ್ನು ಚಿಕ್ಕದು ಜಿಗಿತದಿಂದ ಮಾಡುತ್ತದೆ. ಎರಡಕ್ಕೂ ಬೇಕಾದದ್ದು ನಡುವೆ ತಡೆಯಿಲ್ಲದ ಹುಲ್ಲುಗಾವಲು.

ಎರೆಭೂತಗಳು ದಖ್ಖನ್ನಿನಲ್ಲಿ ಎಷ್ಟಿದ್ದವು ಎಂಬುದಕ್ಕೆ ಕೊಂದವರೇ ಬಿಟ್ಟುಹೋದ ಸಾಕ್ಷಿ ಇದೆ. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಬ್ರಿಟಿಷ್ ಬೇಟೆಗಾರ 1809ರಿಂದ 1829ರ ನಡುವೆ ಅಹಮದ್‌ನಗರ ಜಿಲ್ಲೆಯೊಂದರಲ್ಲೇ 961 ಎರೆಭೂತಗಳನ್ನು ಹೊಡೆದ. 1969ರಲ್ಲಿ ಇಡೀ ದೇಶಕ್ಕೆ ಉಳಿದವು ಸುಮಾರು 1,260 ಎಂದು ಅಂದಾಜಾಯಿತು. 2018ರ ಹೊತ್ತಿಗೆ ಸುಮಾರು 150. ಸಾಲಿಂ ಅಲಿಯವರು ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಹೇಳಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. 1978–79ರ ಚಳಿಗಾಲದಲ್ಲಿ ಅರಬ್ ರಾಜಮನೆತನದ ಬೇಟೆಗಾರರು ಸಾಕಿದ ಡೇಗೆಗಳೊಡನೆ ಜೈಸಲ್ಮೇರ್‌ಗೆ ಬಂದಾಗ ರಾಜಸ್ಥಾನದ ಜನ ಬೀದಿಗಿಳಿದು ವಿರೋಧಿಸಿದರು. 1980ರಲ್ಲಿ ಮರುಭೂಮಿ ಉದ್ಯಾನ ಬಂತು, 1981ರಲ್ಲಿ ಗೋಡಾವಣ್ ಆ ರಾಜ್ಯದ ಪಕ್ಷಿಯಾಯಿತು. ಈಗ ಬಂದೂಕಿನ ಭಯ ಬಹುಮಟ್ಟಿಗೆ ಹೋಗಿದೆ. ಬಂದಿರುವ ಭಯ ಬೇರೆ ಬಗೆಯದು.

ಸುದಾಸರಿಯಿಂದ ಪೋಖರಣ್ ಕಡೆಗೆ ಬರುವ ದಾರಿಯಲ್ಲಿ ಅದು ಕಣ್ಣಿಗೆ ರಾಚುತ್ತದೆ. ಗಾಳಿಯಂತ್ರಗಳ ಸಾಲು, ಸೋಲಾರ್ ಫಲಕಗಳ ಹಾಸು, ಅವುಗಳಿಂದ ಹೊರಟು ದಿಗಂತದವರೆಗೂ ಹೋಗುವ ವಿದ್ಯುತ್ ತಂತಿಗಳು. ಎರೆಭೂತದ ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿವೆ. ನೆಲದ ಮೇಲೆ ನಿಂತಾಗ ಸುತ್ತಲಿನ ಬಯಲನ್ನು ಕಾಯಲು ಅದೇ ಸರಿ. ಹಾರುವಾಗ ಮಾತ್ರ ಎದುರಿನ ನೋಟ ತೀರಾ ಕಿರಿದು, ಕೆಳಗಿನ ನೆಲ ನೋಡಲು ತಲೆ ಬಗ್ಗಿಸಿದರೆ ಮುಂದಿರುವುದು ಕಾಣುವುದೇ ಇಲ್ಲ. ತಂತಿ ಕಂಡರೂ ಅಷ್ಟು ಭಾರದ ಮೈಯನ್ನು ತಟ್ಟನೆ ಹೊರಳಿಸಲಾಗದು. ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜಿನಂತೆ ಥಾರ್‌ನ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ತಂತಿಗೆ ಬಡಿದು ವರ್ಷಕ್ಕೆ 84,000ದಷ್ಟು ಹಕ್ಕಿಗಳು ಸಾಯುತ್ತವೆ. ಅವುಗಳಲ್ಲಿ ಎರೆಭೂತಗಳು 18ರಷ್ಟು. ನೂರೈವತ್ತರಲ್ಲಿ ಹದಿನೆಂಟು ಎಂದರೆ ಎಷ್ಟು ವರ್ಷ ಉಳಿಯುತ್ತವೆ ಎಂದು ಓದುಗರೇ ಲೆಕ್ಕ ಹಾಕಲಿ.

ಇವು ಒಂದೇ ಕಡೆ ಗುಂಪಾಗಿ ಇರುವ ಹಕ್ಕಿಗಳಾಗಿದ್ದರೆ ನೂರು ಎಕರೆಗೆ ಬೇಲಿ ಹಾಕಿ ಉಳಿಸಬಹುದಿತ್ತು. ಆದರೆ ಒಂದು ಗಂಡಿನಿಂದ ಇನ್ನೊಂದು ಗಂಡಿಗೆ, ಮೇಯುವ ಹೊಲದಿಂದ ಮೊಟ್ಟೆಯಿಡುವ ಹುಲ್ಲಿಗೆ, ಬೇಸಿಗೆಯ ನೆಲದಿಂದ ಮಳೆಗಾಲದ ನೆಲಕ್ಕೆ ದಾಟುತ್ತಲೇ ಇರುವುದು ಇವುಗಳ ರೀತಿ. ತಂತಿ ಹಾದುಹೋಗಿರುವುದು ಸರಿಯಾಗಿ ಆ ನಡುವಿನ ಜಾಗದಲ್ಲೇ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕಿಯ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು ಆದೇಶಿಸಿತು. 2024ರ ಮಾರ್ಚ್‌ನಲ್ಲಿ, ಸುಮಾರು 99,000 ಚದರ ಕಿಲೋಮೀಟರಿಗೆ ಒಂದೇ ನಿಯಮ ಕಾರ್ಯಸಾಧ್ಯವಲ್ಲ, ಸೌರಶಕ್ತಿಯೂ ದೇಶಕ್ಕೆ ಬೇಕು ಎಂದು ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸೌರಶಕ್ತಿ ಬೇಕು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ನಮ್ಮ ಪಾವಗಡದಲ್ಲಿ ರೈತರಿಂದ ಭೂಮಿ ಗುತ್ತಿಗೆಗೆ ಪಡೆದು 2,000 ಮೆಗಾವಾಟ್ ಮೀರಿದ ಪಾರ್ಕ್ ಕಟ್ಟಿದ್ದನ್ನು ಕಂಡಿದ್ದೇವೆ. ಫಲಕಗಳನ್ನು ಇಡಲು ದೇಶದಲ್ಲಿ ಬೇರೆ ಜಾಗಗಳಿವೆ. ಈ ಹಕ್ಕಿಗೆ ಇಲ್ಲ.

ಥಾರ್‌ಗೆ ಹೋಗುವ ಮುಂಚೆ ಸಿರುಗುಪ್ಪ ತಾಲೂಕಿನ ಎರೆಹೊಲಗಳಲ್ಲಿ ತಿರುಗಾಡಿದ್ದೆ. ಕರ್ನಾಟಕದಲ್ಲಿ ಈ ಹಕ್ಕಿ ಕೊನೆಯದಾಗಿ ಉಳಿದ ಸೀಮೆ ಅದು. ತುಂಗಭದ್ರೆಯ ಕಾಲುವೆ ನೀರು ಹರಿದ ಕಡೆ ಭತ್ತ, ನೀರು ಹತ್ತದ ಕಡೆ ಜೋಳ, ಕಡಲೆ, ಹತ್ತಿ. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು "ತಾತ, ಎರೆಭೂತ ಈಗಲೂ ಬರ್ತದೇನು?" ಎಂದು ಕೇಳಿದೆ.

"ಹಿಂದಕ ಜೋಳ ಕೊಯ್ದ ಮ್ಯಾಲ ಐದಾರು ಬರ್ತಿದ್ವಪ್ಪ. ಒಂದು ಈ ಬದುವಿಗಿದ್ರ ಇನ್ನೊಂದು ಆ ಬದುವಿಗೆ. ಈಗ ಬಂದ್ರ ಒಂದಾ ಬರ್ತೈತಿ. ಬಂದು ನಿಂತು, ಆಕಡಿ ಈಕಡಿ ನೋಡಿ ಹೊಕ್ಕೈತಿ" ಎಂದರು.

ಆ ನೋಟದ ಅರ್ಥ ನನಗೆ ಸುದಾಸರಿಯಲ್ಲಿ ಆ ಮೂರು ಹೆಣ್ಣುಗಳನ್ನು ನೋಡಿದ ಮೇಲೆ ಆಯಿತು. ಅರವತ್ತು ಹೆಜ್ಜೆ ಆಚೆಗೆ ಇರಬೇಕಾದದ್ದು ಇರಲಿಲ್ಲ. ಸಂಖ್ಯೆ ಇಳಿದಾಗ ಅಂತರ ತಾನಾಗಿಯೇ ಹಿಗ್ಗುತ್ತದೆ. ದನಿ ಮುಟ್ಟುವ ದೂರವನ್ನು ಮೀರಿ ಹಿಗ್ಗಿದ ಮೇಲೆ ಗಂಡಿನ ಕೂಗು ಯಾವ ಹೆಣ್ಣಿಗೂ ತಲುಪುವುದಿಲ್ಲ. ಹಕ್ಕಿ ಬದುಕಿದ್ದರೂ ಆ ಸಮಾಜ ಮುಗಿದಿರುತ್ತದೆ. ಗುಜರಾತಿನ ಕಛ್ಛದ ನಲಿಯಾದಲ್ಲಿ ಇದು ಕಣ್ಣೆದುರೇ ನಡೆಯಿತು. ಗಂಡುಗಳು ಕಾಣೆಯಾಗಿ ಬೆರಳೆಣಿಕೆಯ ಹೆಣ್ಣುಗಳಷ್ಟೇ ಉಳಿದವು. ಅವು ಇಟ್ಟರೂ ಬರಡು ಮೊಟ್ಟೆ. ನಮ್ಮ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದಾಗ ಅಲ್ಲಿ ಎರೆಭೂತಗಳೂ ಇದ್ದವು. ಬಯಲು ಖಾಲಿಯಿದೆಯೆಂದು ನೀಲಗಿರಿ ನೆಟ್ಟರು, ಮರಗಳೆದ್ದು ನೋಟ ಮುಚ್ಚಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು, ಎರೆಭೂತ ಹೋಯಿತು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ದೊಡ್ಡ ಭಾಗ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಕಾಡು ಕಡಿದರೆ ಕೂಗೆಬ್ಬಿಸುವ ನಾವು ಹುಲ್ಲುಗಾವಲು ಹೋದಾಗ ಸುಮ್ಮನಿರುತ್ತೇವೆ. ಕಂದಾಯದ ದಾಖಲೆಯಲ್ಲಿ ಅದು ಪಾಳು, ಬೀಳು, ಬಂಜರು ಎಂದಿರುವುದೇ ಇದಕ್ಕೆ ದೊಡ್ಡ ಕಾರಣ. ಹಕ್ಕಿಯಿಂದ ಹಕ್ಕಿಗೆ ಇರುವ ಆ ಜಾಗ ಅವುಗಳ ಮನೆಯಂಗಳ ಎಂದು ಬರೆಯಲು ಯಾವ ಪಹಣಿಯಲ್ಲೂ ಕಾಲಂ ಇಲ್ಲ.

ಆಸೆಗೆ ಆಧಾರವೂ ಇದೆ. 2019ರಿಂದ ಜೈಸಲ್ಮೇರ್ ಜಿಲ್ಲೆಯ ಸಮ್‌ನಲ್ಲಿ, ಆಮೇಲೆ ರಾಮದೇವ್ರಾದಲ್ಲಿ, ಕೇಂದ್ರ ಸರ್ಕಾರ, ರಾಜಸ್ಥಾನದ ಅರಣ್ಯ ಇಲಾಖೆ ಮತ್ತು ವನ್ಯಜೀವಿ ಸಂಸ್ಥೆ ಸೇರಿ ಬಯಲಿನಿಂದ ತಂದ ಮೊಟ್ಟೆಗಳನ್ನು ಮರಿಮಾಡಿ ಸಾಕುತ್ತಿವೆ. ಅಲ್ಲಿನ ಹಕ್ಕಿಗಳ ಸಂಖ್ಯೆ ಐವತ್ತು ದಾಟಿದೆ. 2024ರ ಅಕ್ಟೋಬರ್‌ನಲ್ಲಿ ಒಂದು ಕೇಂದ್ರದ ಗಂಡಿನ ವೀರ್ಯವನ್ನು ಇನ್ನೊಂದು ಕೇಂದ್ರದ ಹೆಣ್ಣಿಗೆ ಕೃತಕವಾಗಿ ನೀಡಿ ಪಡೆದ ಮೊದಲ ಮರಿಯೂ ಹುಟ್ಟಿತು. ಇದರ ಹಿಂದಿರುವವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಮನುಷ್ಯರ ಕೈಯಲ್ಲಿ ಬೆಳೆದ ಮರಿಗಳಿಗೆ ತಾಯಿಯ ಹಿಂದೆ ನಡೆದು ಕಲಿಯುವ ಪಾಠ ಸಿಕ್ಕಿರುವುದಿಲ್ಲ. ಅವನ್ನು ಬಯಲಿಗೆ ಬಿಡುವ ದಿನ ಬಂದಾಗ, ನೋಡಿ ಕಲಿಯಲು ಅಲ್ಲೇ ಹುಟ್ಟಿ ಬೆಳೆದ ಹಕ್ಕಿಗಳು ಉಳಿದಿರಲೇಬೇಕು. ಹಾಗಾಗಿ ಸಾಕುವ ಕೇಂದ್ರ ಬಯಲಿಗೆ ಬದಲಿಯಾಗದು. ತಂತಿ ತೆಗೆಯುವ ಕೆಲಸ ಮರಿ ಮಾಡುವ ಕೆಲಸಕ್ಕಿಂತ ಮೊದಲು ಮುಗಿಯಬೇಕಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಓದುಗರಲ್ಲಿ ಒಂದು ವಿನಂತಿ. ಬಳ್ಳಾರಿ, ಕೊಪ್ಪಳ, ಗದಗ, ಹಾವೇರಿ ಕಡೆಯ ಎರೆಹೊಲದಲ್ಲಿ ಎಂದಾದರೂ ಬಿಳಿ ಕತ್ತಿನ ಆ ಎತ್ತರದ ಹಕ್ಕಿ ಕಂಡರೆ ನಿಂತಲ್ಲೇ ನಿಲ್ಲಿ. ಫೋಟೊಗಾಗಿ ಹತ್ತಿರ ಹೋಗಬೇಡಿ, ಹಾರಿಸಬೇಡಿ. ಪಕ್ಕದ ತಂತಿಗೆ ಬಡಿಯಲು ಒಂದೇ ಹಾರಾಟ ಸಾಕು. ಜಾಗದ ಹೆಸರನ್ನು ವಾಟ್ಸಾಪ್‌ನಲ್ಲಿ ಹಂಚದೆ ಅರಣ್ಯ ಇಲಾಖೆಗೆ ಮಾತ್ರ ತಿಳಿಸಿ. ನಿಮ್ಮ ಊರಿನ ಕಾವಲನ್ನೋ ಗೋಮಾಳವನ್ನೋ ಪಾಳುಭೂಮಿಯೆಂದು ಯಾರಿಗಾದರೂ ಕೊಡುವ ಪ್ರಸ್ತಾಪ ಗ್ರಾಮಸಭೆಗೆ ಬಂದರೆ, ಎದ್ದು ನಿಂತು ಬೇಡವೆನ್ನಿ.